ಉಪ್ಪಿನ ಡಬ್ಬ ಕೆಳಗಿಡಿ, ಅಮೋನಿಯ ಅಳೆಯಿರಿ

ಪ್ರಶ್ನೆ: 4 ಇಂಚಿನ ‘ಟೀಕಪ್ ಸ್ಟಿಂಗ್‌ರೇ’ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ತಂದು ಎರಡು ವಾರವಾಯಿತು. ಟ್ಯಾಂಕ್ 3 ಅಡಿಯದು, ಹೊಸದು, ಬೋರ್‌ವೆಲ್ ನೀರು. ಏನೂ ತಿನ್ನುತ್ತಿಲ್ಲ, ಮೈಯಂಚು ಮೇಲಕ್ಕೆ ಮುದುರುತ್ತಿದೆ. ಅಂಗಡಿಯವರು ಕಲ್ಲುಪ್ಪು, ಜೊತೆಗೆ ಬಿಳಿಚುಕ್ಕೆ ರೋಗದ ಹಸಿರು ಔಷಧ ಹಾಕಿ ಎಂದರು. ಎಷ್ಟು ಹಾಕಲಿ?

ಎರಡನ್ನೂ ಹಾಕಬೇಡಿ. ಈ ಪ್ರಶ್ನೆ ಕಳಿಸುವವರೆಲ್ಲ ಔಷಧದ ಅಳತೆ ಕೇಳುತ್ತಾರೆ. ಮೀನಿನ ಕಸದಿಂದ ಹುಟ್ಟುವ ವಿಷ, ಅಮೋನಿಯ, ನೀರಲ್ಲಿ ಎಷ್ಟಿದೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಕರಾವಳಿಯ ತೊರಕೆ, ಅಂದರೆ ಸಮುದ್ರದ ಸ್ಟಿಂಗ್‌ರೇ, ಉಪ್ಪುನೀರಿನದು, ಹಾಗಾಗಿ ಅದರ ನೆಂಟನಿಗೂ ಉಪ್ಪು ಹಿತ ಎಂಬ ಮಾತನ್ನು ಯಾರು ಹುಟ್ಟಿಸಿದರೋ. ಸಮುದ್ರದ ತೊರಕೆ ರಕ್ತದಲ್ಲಿ ಯೂರಿಯಾ ಹಿಡಿದಿಟ್ಟುಕೊಂಡು ಉಪ್ಪನ್ನು ತಾಳಿಕೊಳ್ಳುತ್ತದೆ. ನಿಮ್ಮಲ್ಲಿರುವುದು ದಕ್ಷಿಣ ಅಮೆರಿಕದ ನದಿಗಳ ಸಿಹಿನೀರಿನ ತೊರಕೆ, ಪೊಟಮೊಟ್ರೈಗಾನ್. ಅದು ಆ ಶಕ್ತಿಯನ್ನು ಬಿಟ್ಟುಕೊಟ್ಟಿದೆ. ಬೇರೆ ಮೀನುಗಳಂಥ ಹುರುಪೆಯೂ ಇಲ್ಲದ ಮೀನು ಅದು. ತಾಮ್ರ, ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಇರುವ ಯಾವ ಬಾಟಲಿಯೂ ಅದರ ಹತ್ತಿರ ಸುಳಿಯಬಾರದು.

ಹೊಸ ಟ್ಯಾಂಕ್, ಎರಡು ವಾರ, ಮುದುರಿದ ಅಂಚು: ಮೊದಲ ಅನುಮಾನ ಅಮೋನಿಯ, ಎರಡನೆಯದು ಅದರಿಂದ ಹುಟ್ಟುವ ನೈಟ್ರೈಟ್. ಎರಡೂ ಸೊನ್ನೆ ಇರಬೇಕು, ‘ಸ್ವಲ್ಪ ಇದೆ’ ಎಂಬುದು ನಡೆಯುವುದಿಲ್ಲ. ಪಟ್ಟಿ ಅದ್ದಿ ನೋಡುವುದು ಬೇಡ, ಹನಿ ಹಾಕುವ ಕಿಟ್ ತನ್ನಿ. ಜೊತೆಗೆ ಟ್ಯಾಂಕಿನದೂ ಬೋರ್‌ವೆಲ್‌ನದೂ ಪಿಎಚ್ ಬೇರೆಬೇರೆಯಾಗಿ ಅಳೆಯಿರಿ. ಎಡವುವುದು ಇಲ್ಲೇ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯದ ವಿಷಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಟ್ಯಾಂಕಿನ ಪಿಎಚ್ 6.5ಕ್ಕೆ ಇಳಿದಿದ್ದು, ಗಾಬರಿಯಲ್ಲಿ 8ರ ಬೋರ್ ನೀರನ್ನು ಅರ್ಧ ಸುರಿದರೆ ಮೀನು ಸಂಜೆಯೊಳಗೆ ಹೋಗಬಹುದು. ಎರಡೂ ನೀರು ಹತ್ತಿರವಿದ್ದರೆ ಅರ್ಧ ಬದಲಿಸಿ; ಅಂತರ ದೊಡ್ಡದಿದ್ದರೆ ಒಂದು ಸಲಕ್ಕೆ 15 ಪ್ರತಿಶತ, ದಿನಕ್ಕೆ ಮೂರು ನಾಲ್ಕು ಸಲ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ, 26ರಿಂದ 28 ಡಿಗ್ರಿ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು: 100 ಲೀಟರಿಗೆ ಸೋಡಿಯಂ ಥಯೋಸಲ್ಫೇಟ್ 2 ಗ್ರಾಂ.

ಹಳೆಯ, ರೋಗವಿಲ್ಲದ ಟ್ಯಾಂಕಿನಲ್ಲಿ ಓಡುತ್ತಿರುವ ಸ್ಪಂಜ್ ಫಿಲ್ಟರ್ ಯಾರಲ್ಲಾದರೂ ಸಿಕ್ಕರೆ ಒದ್ದೆಯಾಗಿಯೇ ತಂದು ಹಾಕಿ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆದಿರುತ್ತವೆ, ಬಾಟಲಿಯಲ್ಲಿ ಮಾರುವುದಕ್ಕಿಂತ ಅದನ್ನೇ ನೆಚ್ಚಬಹುದು. ಕರೆಂಟ್ ಹೋದಾಗಲೂ ನಡೆಯುವಂತೆ ಅದಕ್ಕೆ ಬ್ಯಾಟರಿ ಏರ್ ಪಂಪ್ ಕಟ್ಟಿ. ಲೈಟ್ ಆರಿಸಿ. ಜಲ್ಲಿ ಇದ್ದರೆ ತೆಗೆಯಿರಿ, ಹೊಟ್ಟೆ ಗೀರುತ್ತದೆ. ನುಣ್ಣನೆ ಮರಳು ಸಾಕು, ಬರೀ ಗಾಜಾದರೂ ಸರಿ. ಹೀಟರಿಗೆ ಪ್ಲಾಸ್ಟಿಕ್ ಜಾಲರಿ ಹಾಕಿ, ಇಲ್ಲದಿದ್ದರೆ ಅದರ ಮೇಲೆ ಒರಗಿ ಸುಟ್ಟುಕೊಳ್ಳುತ್ತದೆ.

ಕಣ್ಣಿನ ಹಿಂದೆ ಎರಡು ರಂಧ್ರಗಳಿವೆಯಲ್ಲ, ನೀರೆಳೆದುಕೊಳ್ಳುವುದು ಅಲ್ಲಿಂದ. ಅವು ಬಡಬಡ ಮುಚ್ಚಿ ತೆರೆಯುತ್ತಿರುವವರೆಗೆ ಊಟದ ಮಾತು ಬೇಡ. ಲಯ ನಿಧಾನವಾದ ಮೇಲೆ, ಗೊಬ್ಬರ ರಾಸಾಯನಿಕ ಬೀಳದ ಮಣ್ಣಿನ ಎರೆಹುಳು ತೊಳೆದು, ಅರ್ಧ ಇಂಚಿನ ತುಂಡು ಮಾಡಿ, ರಾತ್ರಿ ಮೀನಿನ ಮುಂದೆ ಬಿಡಿ. ಮೇಲೆ ಹಾಕಿ ಉಪಯೋಗವಿಲ್ಲ, ಬಾಯಿ ಕೆಳಗಿದೆ; ವಾಸನೆ ಹಿಡಿದು ಹುಳುವಿನ ಮೇಲೆ ಮೈ ಹೊದಿಸುತ್ತದೆ. ಉಳಿದದ್ದನ್ನು ಒಂದು ಗಂಟೆಯೊಳಗೆ ತೆಗೆಯಿರಿ. ಬಾಲದ ಬುಡದ ಎರಡೂ ಕಡೆ ಮೂಳೆಯಂಥ ಉಬ್ಬು ಎದ್ದು ಕಂಡರೆ ಉಪವಾಸ ಬಹಳ ಮುಂದೆ ಹೋಗಿದೆ, ಸುಳ್ಳು ಭರವಸೆ ಕೊಡಲಾರೆ.

ಪ್ರಶ್ನೆ: ಟೀಕಪ್ ಜಾತಿ ಚಿಕ್ಕದಾಗಿಯೇ ಉಳಿಯುತ್ತದಂತೆ, ಹೌದೇ?

ಅದು ಜಾತಿಯಲ್ಲ, ಮರಿಗೆ ಇಟ್ಟ ಹೆಸರು. ಬೆಳೆದರೆ ಬಾಲ ಬಿಟ್ಟು ಮೈ ಅಗಲವೇ ಒಂದಡಿ ದಾಟುತ್ತದೆ, ಮೊಟೊರೊ ಎಂಬ ಇನ್ನೊಂದು ಜಾತಿ ಇನ್ನೂ ದೊಡ್ಡದು. ಚಿಕ್ಕ ಜಾತಿಯ ಒಂದಕ್ಕೇ 6 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರ, ಅಂದರೆ ಸುಮಾರು 1,000 ಲೀಟರ್. ಜಾಗವಿಲ್ಲದಿದ್ದರೆ ತರಬೇಡಿ. ದೊಡ್ಡದಾಯಿತೆಂದು ಕೆರೆಗೆ ಬಿಡುವ ಯೋಚನೆಯಂತೂ ಬೇಡವೇ ಬೇಡ.

ಪ್ರಶ್ನೆ: ಪಾಚಿ ತಿನ್ನಲು ಜೊತೆಗೊಂದು ಪ್ಲೆಕೋ (ಗಾಜಿಗೆ ಬಾಯಿಯಂಟಿಸಿ ಪಾಚಿ ಕೆರೆಯುವ ಮೀನು)?

ಪಾಚಿ ಬಿಟ್ಟು ರೇಯ ಬೆನ್ನಿನ ಲೋಳೆ ನೆಕ್ಕುತ್ತದೆ. ಬೇಡ.

ಪ್ರಶ್ನೆ: ಬಾಲದ ಮುಳ್ಳು ಕತ್ತರಿಸಿಬಿಡಬಹುದೇ?

ಮತ್ತೆ ಬೆಳೆಯುತ್ತದೆ, ನಡುವೆ ಗಾಯ ಮಾತ್ರ ಮೀನಿಗೆ. ಕೈ ಹಾಕುವ ಮೊದಲು ಮೀನು ಎಲ್ಲಿದೆ ನೋಡಿ. ಚುಚ್ಚಿದರೆ ಅರಿಶಿನ, ಸುಣ್ಣ ಮೆತ್ತಬೇಡಿ. ತಾಳುವಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಲ್ಲಿ 30ರಿಂದ 90 ನಿಮಿಷ ಕೈ ಮುಳುಗಿಸಿ, ಬಿಸಿಯನ್ನು ಇನ್ನೊಂದು ಕೈಯಿಂದ ಪರೀಕ್ಷಿಸಿ. ಆಳಕ್ಕೆ ಹೊಕ್ಕಿದ್ದರೆ ಮುಳ್ಳು ಎಳೆಯದೆ ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.