ಅಮ್ಮನ ಜೊತೆ ಒಂದು ದಿನಕ್ಕಾದರೆ ಅಂಗಿಸ್ತ್ರಿಗೆ ಹೋಗಿ

ಊರಿನಿಂದ ಅಮ್ಮ ಬಂದಿದ್ದಾರೆ, ಒಂದೇ ದಿನದಲ್ಲಿ ಹಡಗಿನಲ್ಲಿ ಸ್ಯಾಂಟೊರಿನಿ ದ್ವೀಪ ತೋರಿಸಿಕೊಂಡು ಬರಬಹುದೇ ಎಂದು ಕೇಳಿದ್ದೀರಿ. ಆಗದ ಮಾತು. ಅಥೆನ್ಸಿನ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿಗೆ ಅಲ್ಲಿಗೆ ಸುಮಾರು ಎಂಟು ಗಂಟೆ ಬೇಕು. ಅಥೆನ್ಸಿಗೆ ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ.

ಅಂಗಿಸ್ತ್ರಿಗೆ ಹೋಗಿ. ಚಿಕ್ಕ ದ್ವೀಪ, ಪೈನ್ ಕಾಡು ನೀರಿನ ಅಂಚಿನವರೆಗೂ ಇಳಿದಿದೆ. ಹಡಗು ಹೊರಡುವುದು ಪಿರೇಯಸ್ಸಿನ ಇ8 ಗೇಟಿನಿಂದ. ಮೆಟ್ರೊದ 3ನೇ ಮಾರ್ಗ 2022ರಿಂದ ಬಂದರಿನವರೆಗೂ ಬರುತ್ತದೆ. ಹೈಡ್ರೋಫಾಯಿಲ್ ಎಂಬ ವೇಗದ ದೋಣಿ ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ ನಿಜ, ಆದರೆ ಮುಚ್ಚಿದ ಕೋಣೆಯಲ್ಲಿ ಕುಳಿತು ಉಪ್ಪು ಮೆತ್ತಿದ ಗಾಜನ್ನು ನೋಡುತ್ತಿರಬೇಕು. ಅದನ್ನು ಮರಳುವಾಗ ಹಿಡಿಯಿರಿ. ಹೋಗುವಾಗ ನಿಧಾನದ ಹಡಗೇ ಇರಲಿ. ಅಮ್ಮನನ್ನು ಮೇಲಿನ ಡೆಕ್ಕಿನಲ್ಲಿ ನೆರಳಿರುವ ಕಡೆ ಕೂರಿಸಿ. ನಡುವೆ ಏಗಿನಾ ದ್ವೀಪದಲ್ಲಿ ನಿಲ್ಲುತ್ತದೆ. 1828ರಲ್ಲಿ ಹೊಸ ಗ್ರೀಸಿನ ಆಡಳಿತ ನಡೆದದ್ದು ಅಲ್ಲಿಂದ. ಈಗ ಅದರ ಹೆಸರು ಪಿಸ್ತಾದಿಂದ.

ಇಳಿಯುವುದು ಸ್ಕಾಲಾದಲ್ಲಿ. ನೀಲಿ ಗುಮ್ಮಟದ ಬಿಳಿ ಚರ್ಚು, ಪಕ್ಕದಲ್ಲೇ ಮರಳಿನ ತೀರ. ನೀರು ಆಳವಿಲ್ಲ, ಸೀರೆ ಎತ್ತಿಕೊಂಡು ನಿಲ್ಲಬಹುದು. ಹಾಲಿಕಿಯಾಡ ತೀರದ ಚಿತ್ರಗಳನ್ನು ನೋಡಿ ಮರುಳಾಗಬೇಡಿ: ದಾರಿ ಕಡಿದು, ಅಲ್ಲಿ ಅನೇಕರು ಬಟ್ಟೆಯಿಲ್ಲದೆ ಮಲಗಿರುತ್ತಾರೆ. ಅಮ್ಮನಿಗೆ ನೀವೇ ಉತ್ತರ ಹೇಳಬೇಕಾಗುತ್ತದೆ!

ಸಸ್ಯಾಹಾರಿಗಳ ಊಟದ ಚಿಂತೆಯನ್ನು ನಾನು ಬಲ್ಲೆ. 'ನಿಸ್ತೀಸಿಮಾ' ಕೇಳಿ, ಅಂದರೆ ಚರ್ಚಿನ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಆಕ್ಟೋಪಸ್, ಸ್ಕ್ವಿಡ್ ಅವರ ಉಪವಾಸಕ್ಕೆ ಅಡ್ಡಿಯಲ್ಲ, ಆದ್ದರಿಂದ ಇನ್ನೊಮ್ಮೆ ವಿಚಾರಿಸಿಯೇ ತರಿಸಿ. 'ಫಾವ' ಒಗ್ಗರಣೆ ಮರೆತ ತೊವ್ವೆಯಂತಿರುತ್ತದೆ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ಅಮ್ಮ ಖಂಡಿತ ಉಪ್ಪಿನಕಾಯಿ ಹುಡುಕುತ್ತಾರೆ, ಚೀಲದಲ್ಲಿಟ್ಟುಕೊಳ್ಳಿ. ಹೊಟ್ಟೆಗೆ ಸಾಲದಿದ್ದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್, 'ಗಿಗಾಂತೆಸ್', ಇದೆ. ಊಟವಾದ ಮೇಲೆ ಐದೂವರೆಯವರೆಗೆ ಊರಿಗೆ ಊರೇ ಮಲಗುತ್ತದೆ. ನೀವೂ ಪೈನ್ ನೆರಳಿನಲ್ಲಿ ಚಾಪೆ ಹಾಸಿಬಿಡಿ, ನೋಡಲೇಬೇಕಾದ ಸ್ಥಳಗಳ ಪಟ್ಟಿ ಈ ದ್ವೀಪಕ್ಕಿಲ್ಲ.

ಸೆಪ್ಟೆಂಬರಿನ ವಾರದ ದಿನ ಉತ್ತಮ. ಆಗಸ್ಟ್ 15ರ ಆಸುಪಾಸು ಮಾತ್ರ ಬೇಡ. ಯೇಸುವಿನ ತಾಯಿ ಮರಿಯಮ್ಮನವರ ಹಬ್ಬಕ್ಕೆ ಅರ್ಧ ಅಥೆನ್ಸ್ ಹಡಗು ಹತ್ತಿರುತ್ತದೆ. ಗಾಳಿ ಜೋರಾದರೆ ಹಡಗುಗಳನ್ನು ನಿಲ್ಲಿಸುತ್ತಾರೆ, ಹಿಂದಿನ ರಾತ್ರಿ ಹವಾಮಾನ ನೋಡಿಕೊಳ್ಳಿ. ಮರಳುವ ಟಿಕೆಟನ್ನು ಬೆಳಿಗ್ಗೆಯೇ ತೆಗೆದುಕೊಂಡು, ಅದು ಸ್ಕಾಲಾದಿಂದಲೋ ಮೆಗಾಲೊಹೋರಿಯಿಂದಲೋ ನೋಡಿ. ಬಂದರುಗಳು ಎರಡಿವೆ.