ಲ್ಯಾಬ್‌ನಲ್ಲಿ ಜೀವಕೋಶಗಳು ತಾವಾಗಿಯೇ ಉಂಡೆ ಕಟ್ಟುವುದು ಹೇಗೆ? ಆರ್ಗನಾಯ್ಡ್ ಅಂದರೆ ಅದೇನಾ?

ಉಂಡೆ ಕಟ್ಟಿಸುವುದು ಅಷ್ಟೇನೂ ಕಷ್ಟವಲ್ಲ. ಕೋಶಗಳಿಗೆ ಅಂಟಿಕೊಳ್ಳಲು ತಳ ಸಿಗಬಾರದು, ಅಷ್ಟೇ. ಪೆಟ್ರಿ ಡಿಶ್ ಮುಚ್ಚಳದ ಒಳಗೆ ಕೋಶಗಳಿರುವ ದ್ರವದ ಹನಿ ಇಟ್ಟು, ಮುಚ್ಚಳವನ್ನು ಮಗುಚಿ ಹಾಕುತ್ತಾರೆ. ಹನಿ ಬೀಳದೆ ತೂಗುತ್ತದೆ. ಕೋಶಗಳು ಅದರ ತುದಿಗೆ ಇಳಿದು, ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನಿಂದ ಒಂದಕ್ಕೊಂದು ಅಂಟುತ್ತವೆ. ಕೆಲವೇ ದಿನಗಳಲ್ಲಿ ದುಂಡನೆಯ ಸ್ಫೆರಾಯ್ಡ್ ರೆಡಿ.

ಆರ್ಗನಾಯ್ಡ್ ಬರೀ ಉಂಡೆಯಲ್ಲ, ಅಂಗವೊಂದರ ರಚನೆಯನ್ನು ಚಿಕ್ಕದಾಗಿ ಹೋಲುವ ಕೋಶಗಳ ಗುಂಪು. ಅದು ಇದಕ್ಕಿಂತ ಜಾಸ್ತಿ ಕೇಳುತ್ತದೆ: ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ), ಕೋಶಗಳಿಗೆ ಆಸರೆಯಾಗುವ ಮ್ಯಾಟ್ರಿಜೆಲ್‌ನಂಥ ಜೆಲ್, ಸರಿಯಾದ ಬೆಳವಣಿಗೆಯ ಪ್ರೋಟೀನುಗಳು. 2009ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಕರುಳಿನ ಒಳಪದರವನ್ನು ಹೋಲುವ ರಚನೆ ಬೆಳೆಸಿತು. ಇಡೀ ಕರುಳಲ್ಲ! ಮೆದುಳಿನ ಆರ್ಗನಾಯ್ಡ್‌ಗೆ 'ಮಿನಿ ಮೆದುಳು' ಅನ್ನುವುದೂ ಸುಮ್ನೆ ದೊಡ್ಡ ಮಾತು.

ದೊಡ್ಡ ತೊಡಕು ರಕ್ತನಾಳದ್ದು. ಅದಿಲ್ಲದೆ ಉಂಡೆ ದಪ್ಪವಾದಷ್ಟೂ ನಡುವಿನ ಕೋಶಗಳು ಆಕ್ಸಿಜನ್ ಸಾಲದೆ ಸಾಯತೊಡಗುತ್ತವೆ.