ಹಿರಿಯೂರು ದಾಳಿಂಬೆ, ಒಣಗಾಳಿ: ನೀರು ಮತ್ತು ಸಿಂಪಡಣೆ

ಮುನ್ಸೂಚನೆಯಲ್ಲಿ ರಾತ್ರಿ 14, ಹಗಲು 31 ಡಿಗ್ರಿ, ಗಾಳಿ ಗಂಟೆಗೆ 25 ಕಿ.ಮೀ. ಇದೆ, ಬಲಿಯುತ್ತಿರುವ ದಾಳಿಂಬೆ ಕಾಯಿ ಸೀಳದಂತೆ ಏನು ಮಾಡಲಿ ಅಂತ ಕೇಳಿದ್ದೀರಿ.

14 ಡಿಗ್ರಿ ಚಳಿಗೆ ಗಿಡಕ್ಕೇನೂ ಆಗುವುದಿಲ್ಲ. ಕಾಯಿ ಸೀಳಿಸುವುದು ಮೂಡಣದ ಒಣಗಾಳಿ, ಅದಕ್ಕಿಂತ ಹೆಚ್ಚಾಗಿ ನೀರಿನ ಏರುಪೇರು. ಗಾಳಿಗೆ ಸಿಪ್ಪೆ ಗಡುಸಾಗಿ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಆಗ ಒಮ್ಮೆಲೇ ನೀರು ಕೊಟ್ಟರೆ ಒಳಗಿನ ಕಾಳು ಉಬ್ಬಿ ಸಿಪ್ಪೆ ಬಾಯಿಬಿಡುತ್ತದೆ. ಡ್ರಿಪ್ಪನ್ನು ವಾರಕ್ಕೆರಡು ಸಲ 3 ಗಂಟೆ ಬಿಡುತ್ತಿದ್ದರೆ ಅದನ್ನೇ ದಿನಕ್ಕೆ 50 ನಿಮಿಷದಂತೆ ಹಂಚಿ. ಕರೆಂಟ್ ಕೈಕೊಟ್ಟು ಎರಡು ದಿನ ತಪ್ಪಿದರೂ ಮೂರನೇ ದಿನ ಬಾಕಿ ತೀರಿಸುವ ಹಾಗೆ ದಯವಿಟ್ಟು ಹಾಯಿಸಬೇಡಿ, ತೋಟಗಳು ಕೆಡುವುದು ಅಲ್ಲೇ. ಬುಡದ ಸುತ್ತ 3-4 ಇಂಚು ಶೇಂಗಾ ಸಿಪ್ಪೆ ಹರಡಿ, ಕಾಂಡಕ್ಕೆ ತಾಗಿಸಬೇಡಿ.

ಬೋರಾನ್ ಎಂಬ ಪೋಷಕಾಂಶದ ಕೊರತೆಯಿದ್ದರೂ ಸೀಳು ಹೆಚ್ಚು. ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಲವಣ) ಸಾಕು. ಜಾಸ್ತಿಯಾದರೆ ಎಲೆಯಂಚು ಸುಡುತ್ತದೆ. ಇಬ್ಬನಿ ಆರಿದ ಮೇಲೆ, ಸುಮಾರು 8ರಿಂದ 10ರೊಳಗೆ ಸಿಂಪಡಿಸಿ ಮುಗಿಸಿ. ನೆಲ ಕಾದಂತೆ ಮೇಲಿನ ಜೋರುಗಾಳಿ ಕೆಳಗಿಳಿಯುತ್ತದೆ, ನಿಮ್ಮ 25 ಕಿ.ಮೀ. ಬಹುಶಃ ಮಧ್ಯಾಹ್ನದ್ದು. ಗಾಳಿ 15 ಕಿ.ಮೀ. ದಾಟಿದರೆ ಸಿಂಪಡಿಸಿದ ಹನಿ ಪಕ್ಕದ ಹೊಲಕ್ಕೆ ಹೋಗುತ್ತದೆ.

ಗಾಳಿ ತಡೆಯಲು ಪೂರ್ವದ ಬೇಲಿಗೆ ತಾಡಪಾಲು ಕಟ್ಟುವ ಯೋಚನೆಯಿದ್ದರೆ ಬಿಡಿ. ಗಾಳಿ ಅದರ ಮೇಲೆ ಹಾರಿ ಹಿಂದಿನ ಸಾಲಿಗೆ ಸುಳಿಯಾಗಿ ಬೀಳುತ್ತದೆ. ಅರ್ಧ ಗಾಳಿ ಬಿಡುವ 50 ಶೇಕಡಾ ನೆರಳುಬಲೆಯೇ ಮೇಲು. ಭಾರದ ಕೊಂಬೆಗಳಿಗೆ ಇವತ್ತೇ ಊರುಗೋಲು ಕೊಡಿ.